ಪ್ಲಗ್ ಕಿತ್ತಿಟ್ಟ ಕಂಪ್ಯೂಟರು

ಬದಿಯಡ್ಕದ ನಮ್ಮ ಪಕ್ಕದ ತೋಟದ ಮಾವ ಫೋನ್ ಮಾಡಿದರು. "ಬ್ಯಾಂಕಿನ ಸೈಟು ಓಪನ್ ಆಗುವುದಿಲ್ಲ ಮಾರಾಯ, ಎಂತದೋ ಎಚ್ಚರಿಕೆ ಬರ್ತದೆ. ಹ್ಯಾಕ್ ಆಯ್ತಾ ಎಂತ?" ಎಚ್ಚರಿಕೆ ಬಂದರೆ 'ಅಡ್ವಾನ್ಸ್ಡ್' ಒತ್ತಿ 'ಪ್ರೊಸೀಡ್' ಕೊಟ್ಟರಾಯಿತು ಎಂದು ಪೇಟೆಯಲ್ಲಿ ಯಾರೋ ಹೇಳಿಕೊಟ್ಟಿದ್ದರಂತೆ. ಮಾವ ಏನನ್ನೂ ಒತ್ತದೆ ನನಗಾಗಿ ಕಾದಿದ್ದರು. ಅದು ನಿಜವಾದ ವಿವೇಕ.

ಹೋಗಿ ನೋಡಿದರೆ ಬ್ಯಾಂಕಿನದ್ದು ಮಾತ್ರವಲ್ಲ, ಪೇಪರಿನ ಸೈಟೂ ತೆರೆಯುತ್ತಿಲ್ಲ. ಒಂದೇ ಸೈಟಿನ ತಕರಾರಾದರೆ ದೋಷ ಅಲ್ಲಿರಬಹುದು. ಎಲ್ಲದಕ್ಕೂ ತಕರಾರಿದ್ದರೆ ಮೊದಲು ನಮ್ಮ ಮನೆಯಲ್ಲೇ ಹುಡುಕಬೇಕು. ಸೈಟು ತೆರೆಯುವ ಬ್ರೌಸರ್ ಕ್ರೋಮ್ ಕಾರಣವನ್ನೂ ಬರೆದಿತ್ತು: 'ಯುವರ್ ಕ್ಲಾಕ್ ಈಸ್ ಬಿಹೈಂಡ್', ನಿಮ್ಮ ಗಡಿಯಾರ ಹಿಂದಿದೆ. ಪರದೆಯ ಮೂಲೆಯಲ್ಲಿ ಇಸವಿ 2012!

ಮಳೆಗಾಲದಲ್ಲಿ ಸಿಡಿಲಿಗೆ ಹೆದರಿ ನಾವೆಲ್ಲ ಪ್ಲಗ್ ಕಿತ್ತಿಡುತ್ತೇವಲ್ಲ. ಆಗ ಗಡಿಯಾರವನ್ನು ನಡೆಸುವುದು ಕಂಪ್ಯೂಟರಿನ ಒಳಗಿನ ಮುಖ್ಯ ಫಲಕದ, ಅಂದರೆ ಮದರ್‌ಬೋರ್ಡಿನ, ಪುಟ್ಟ ಸೆಲ್ಲು. ಹಳೆಯ ಕಂಪ್ಯೂಟರಿನಲ್ಲಿ ಅದು ಸತ್ತಿತ್ತು. ಇದು ಇಂಥ ವಿಳಾಸದ ಸೈಟೇ ಎಂದು ಬ್ರೌಸರಿಗೆ ತೋರಿಸುವ ಗುರುತುಪತ್ರವೇ ಸರ್ಟಿಫಿಕೇಟು. ಪ್ರತಿ ಸರ್ಟಿಫಿಕೇಟಿಗೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಪುಕ್ಕಟೆ ಸರ್ಟಿಫಿಕೇಟು ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ವ್ಯವಸ್ಥೆ ಕೊಡುತ್ತ ಬಂದದ್ದು 90 ದಿನದ್ದು. 2012ರಲ್ಲಿ ನಿಂತ ಕಂಪ್ಯೂಟರಿನ ಲೆಕ್ಕಕ್ಕೆ ಅವು ಯಾವುವೂ ಇನ್ನೂ ಹುಟ್ಟಿಯೇ ಇರಲಿಲ್ಲ. ದಿನಾಂಕ ಸರಿ ಮಾಡಿದೆ, ಎಲ್ಲ ತೆರೆಯಿತು. ಸಿಆರ್2032 ಸೆಲ್ಲನ್ನು ಮರುದಿನ ಪೇಟೆಯಿಂದ ತಂದು ಹಾಕಿದೆವು.

ಆದರೆ ಎಲ್ಲ ಎಚ್ಚರಿಕೆಯೂ ಇಷ್ಟು ಸಾಧುವಲ್ಲ. ಎಚ್ಚರಿಕೆಯ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಂಕೇತ ಇರುತ್ತದೆ, ಮಾವನದ್ದರಲ್ಲಿ 'ಡೇಟ್' ಎಂದಿತ್ತು. ಅದರ ಬದಲು 'ಕಾಮನ್ ನೇಮ್' ಎಂದಿದ್ದರೆ ಸರ್ಟಿಫಿಕೇಟು ಬೇರೆ ವಿಳಾಸದ್ದು. 'ಅಥಾರಿಟಿ' ಎಂದಿದ್ದರೆ ಅದನ್ನು ಕೊಟ್ಟವರನ್ನು ಬ್ರೌಸರ್ ನಂಬುವುದಿಲ್ಲ. ಬ್ಯಾಂಕಿನ ಸೈಟಿನಲ್ಲಿ ಹೀಗೆ ಕಂಡರೆ ಮುಂದೆ ಹೋಗಲೇಬಾರದು. ಪುಟವೇ ಪೂರ್ತಿ ಕೆಂಪಾಗಿ ಬಂದರಂತೂ ಅದು ವಂಚನೆ ಅಥವಾ ವೈರಸ್ಸಿನ ಸೂಚನೆ, ಕೂಡಲೇ ಮುಚ್ಚಬೇಕು.

ಇಷ್ಟು ಕೇಳಿದ ಅತ್ತೆ ತಮ್ಮ ಮೊಬೈಲ್ ತೋರಿಸಿದರು. ಕರೆಂಟ್ ಬಿಲ್ಲು ಬಾಕಿಯಿದೆ, ರಾತ್ರಿ ಲೈನ್ ಕಟ್ ಎಂಬ ಮೆಸೇಜು, ಜೊತೆಗೊಂದು ಲಿಂಕು. "ಇದರಲ್ಲಿ ಎಚ್ಚರಿಕೆ ಏನೂ ಬರಲಿಲ್ಲವಲ್ಲ?" ನನಗೆ ನಿಜಕ್ಕೂ ಭಯವಾದದ್ದು ಆಗ. ಕಳ್ಳರ ಸೈಟಿಗೂ ಸರ್ಟಿಫಿಕೇಟು ಸಲೀಸಾಗಿ ಸಿಗುತ್ತದೆ. ನಾವು ಕಳಿಸಿದ್ದನ್ನು ದಾರಿಯಲ್ಲಿ ಯಾರೂ ಓದಲಾರರು ಎಂದಷ್ಟೇ ಅದರ ಅರ್ಥ. ಆಚೆ ಕೂತವನು ಪ್ರಾಮಾಣಿಕನೆಂದಲ್ಲ. ಸರ್ಟಿಫಿಕೇಟಿರುವ ಸೈಟಿನ ವಿಳಾಸದ ಪಕ್ಕ ಕಾಣುತ್ತಿದ್ದ ಬೀಗದ ಚಿಹ್ನೆಯನ್ನು ಜನ ಹಾಗೆ ತಪ್ಪು ತಿಳಿಯುತ್ತಾರೆಂದೇ ಕ್ರೋಮ್ 2023ರಲ್ಲಿ ಅದನ್ನು ವಿಳಾಸದ ಪಟ್ಟಿಯಿಂದ ತೆಗೆದದ್ದು.

ಅತ್ತೆ ಹಣ ಕಟ್ಟಿರಲಿಲ್ಲ. ಮೆಸೇಜು ಅಳಿಸಿ, ಆ ನಂಬರನ್ನು ಬ್ಲಾಕ್ ಮಾಡಿದೆವು. ಹಣ ಹೋದರೆ ತಡಮಾಡದೆ ಕರೆಯಬೇಕಾದ ಸೈಬರ್ ಸಹಾಯವಾಣಿ 1930 ಅನ್ನು ಮಾವ ಗೋಡೆಯ ಕ್ಯಾಲೆಂಡರಿನಲ್ಲಿ ದೊಡ್ಡದಾಗಿ ಬರೆದರು.