ಕನ್ವಿಕ್ಷನ್ ಅಂದರೆ ನಂಬಿಕೆಯೋ, ಶಿಕ್ಷೆಯೋ?

ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ ಅಂತ ಗೊತ್ತಾದ ಮೇಲೆ ತುಂಬಾ ಜನ ಕೇಳುವ ಪ್ರಶ್ನೆ ಇದು. ‘ಕೋರ್ಟ್ ಸುದ್ದಿಯಲ್ಲೂ ಕನ್ವಿಕ್ಷನ್ ಅಂತ ಬರುತ್ತೆ, ಈ ಕೆಲಸದ ಮೇಲೆ ನನಗೆ ಕನ್ವಿಕ್ಷನ್ ಇತ್ತು ಅಂತಲೂ ಹೇಳುತ್ತಾರೆ. ಎರಡೂ ಒಂದೇ ಪದಾನಾ?’

ಹೌದು, ಒಂದೇ. ಲ್ಯಾಟಿನ್‌ನಲ್ಲಿ ‘ಗೆಲ್ಲು’ ಅನ್ನುವ ಅರ್ಥದ ಒಂದು ಪದ ಇದೆ, ಅದರಿಂದ ವಾದದಲ್ಲಿ ಗೆಲ್ಲುವುದಕ್ಕೆ, ತಪ್ಪನ್ನು ಸಾಬೀತು ಮಾಡುವುದಕ್ಕೆ ಇನ್ನೊಂದು ಪದ ಹುಟ್ಟಿತು. ಕನ್ವಿಕ್ಷನ್ ಬಂದಿದ್ದು ಅಲ್ಲಿಂದ. ‘ಮನೆಯವರನ್ನು ಕನ್ವಿನ್ಸ್ ಮಾಡಿದೆ’ ಅಂತ ನಾವು ದಿನಾ ಹೇಳುತ್ತೇವಲ್ಲ, ಅದೂ ಅಲ್ಲಿಂದಲೇ. ಸಾಕ್ಷಿ ಗೆದ್ದು ಆರೋಪಿ ದೋಷಿ ಅಂತಾದರೆ ಅದು ಕೋರ್ಟಿನ ಕನ್ವಿಕ್ಷನ್. ಒಂದು ವಿಚಾರ ನಿಮ್ಮ ಮನಸ್ಸನ್ನೇ ಗೆದ್ದು ಅಲ್ಲೇ ಬೇರೂರಿದರೆ ಅದೂ ಕನ್ವಿಕ್ಷನ್.

ಈ ಎರಡನ್ನೂ ಒಟ್ಟಿಗೆ ತೋರಿಸಲು ನಾನು ಯಾವಾಗಲೂ ಹೇಳುವುದು ಬಾಕ್ಸರ್ ಮುಹಮ್ಮದ್ ಅಲಿ ಕಥೆ. 1967ರಲ್ಲಿ, ವಿಯೆಟ್ನಾಂ ಯುದ್ಧದ ಹೊತ್ತಿನಲ್ಲಿ, ಅಮೆರಿಕದ ಸೇನೆಗೆ ಸೇರಿ ಅಂತ ಕರೆ ಬಂದಾಗ ಅವರು ಒಪ್ಪಲಿಲ್ಲ, ನನ್ನ ಧರ್ಮ ಇದಕ್ಕೆ ಬಿಡುವುದಿಲ್ಲ ಅಂದುಬಿಟ್ಟರು. ಚಾಂಪಿಯನ್ ಪಟ್ಟ ಹೋಯಿತು. ಮೂರು ವರ್ಷಕ್ಕೂ ಜಾಸ್ತಿ ಕಾಲ ರಿಂಗಿಗೆ ಇಳಿಯಲು ಆಗಲಿಲ್ಲ, ಅದೂ ಒಳ್ಳೇ ವಯಸ್ಸಿನಲ್ಲಿ. ಕೋರ್ಟು ದೋಷಿ ಅಂತ ತೀರ್ಪು ಕೊಟ್ಟು 5 ವರ್ಷ ಜೈಲು, 10,000 ಡಾಲರ್ ದಂಡ ಹಾಕಿತು. ಅಪೀಲು ನಡೆಯುತ್ತಿದ್ದರಿಂದ ಜೈಲಿಗೆ ಹೋಗಲಿಲ್ಲ. 1971ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ತೀರ್ಪನ್ನೇ ರದ್ದು ಮಾಡಿತು. ಮನಸ್ಸಿನ ಕನ್ವಿಕ್ಷನ್ ಬಿಡದೇ ಇದ್ದುದಕ್ಕೇ ಕೋರ್ಟಿನ ಕನ್ವಿಕ್ಷನ್ ಬಂತು, ಕೊನೆಗೆ ಉಳಿದದ್ದು ಮೊದಲನೆಯದು.

ಬಳಸುವಾಗ ಎರಡು ಕಡೆ ಎಡವುತ್ತಾರೆ. ಕನ್ವಿಕ್ಷನ್ ಅಂದರೆ ಶಿಕ್ಷೆ ಅಲ್ಲ, ಶಿಕ್ಷೆಗೆ ಸೆಂಟೆನ್ಸ್ ಅನ್ನಬೇಕು. ನಮ್ಮ ದೇಶದಲ್ಲೂ ದೊಡ್ಡ ಕೇಸುಗಳಲ್ಲಿ ಮೊದಲು ದೋಷಿ ಅಂತ ತೀರ್ಪು, ಆಮೇಲೆ ಎಷ್ಟು ಶಿಕ್ಷೆ ಅಂತ ಮತ್ತೆ ವಾದ ಕೇಳುತ್ತಾರೆ. ಇನ್ನೊಂದು, ನನಗೆ ಖಾತ್ರಿಯಾಗಿದೆ ಅನ್ನಲು ‘ಐ ಆಮ್ ಕನ್ವಿನ್ಸ್ಡ್’ ಅನ್ನಿ. ‘ಕನ್ವಿಕ್ಟೆಡ್’ ಅಂದರೆ ಕೇಳಿದವರು ಯಾವ ಕೇಸು ಅಂತ ಯೋಚಿಸುತ್ತಾರೆ.

ಕನ್ನಡದಲ್ಲಿ ಇದಕ್ಕೆ ಸುಮ್ನೆ ‘ನಂಬಿಕೆ’ ಅಂತ ಬರೆದರೆ ನನಗೆ ಸಾಲದು ಅನಿಸುತ್ತೆ. ನಾಳೆ ಮಳೆ ಬರುತ್ತೆ ಅನ್ನುವುದೂ ನಂಬಿಕೆಯೇ ಅಲ್ವಾ? ಹಾಗಾಗಿ ‘ಗಟ್ಟಿ ನಂಬಿಕೆ’ ಅಂತ ಬರೆಯುತ್ತೇನೆ. ‘ಶೀ ಸ್ಪೋಕ್ ವಿತ್ ಕನ್ವಿಕ್ಷನ್’ ಅಂತ ಬಂದರೆ, ಮನಸಾರೆ ನಂಬಿ ಮಾತಾಡಿದಳು ಅನ್ನುತ್ತೇನೆ.