ಇಬ್ಬನಿ ಬಿದ್ದರೆ ಮುಷ್ಕರ ಹೂಡುವ ಇನ್ವರ್ಟರ್

ಸಿಕ್ತು! ಚಾವಣಿ ಮೇಲೆ ನಾನೇ ಕೂರಿಸಿದ ಸೋಲಾರ್‌ನಲ್ಲಿ ಹನ್ನೊಂದು ದಿನ ತಲೆ ತಿಂದ ದೋಷ ಕೊನೆಗೂ ಸಿಕ್ತು. ಕಿರುಬೆರಳಿನಷ್ಟು ಉದ್ದದ ಪ್ಲಾಸ್ಟಿಕ್ ತುಂಡೊಂದರ ಒಳಗೆ ಕೂತಿತ್ತು. ಅದನ್ನು ಅಲ್ಲಿ ಕೂರಿಸಿದವನು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಆಮೇಲೆ ಸಪ್ಲೈಯರ್‌ನನ್ನು ಬೈಯಲು ಸ್ವಲ್ಪ ಮುಖ ಇರುತ್ತದೆ.

ರೇಲ್ (ಪ್ಯಾನೆಲ್ ಹಿಡಿದಿಡುವ ಲೋಹದ ಪಟ್ಟಿ) ಕೂರಿಸಿದ್ದು, ಪೈಪ್ ಎಳೆದದ್ದು, ಅರ್ಥಿಂಗ್ ಮಾಡಿದ್ದು ಎಲ್ಲ ಈಗ ಬಿಟ್ಟುಬಿಡೋಣ. ಆರು ಪ್ಯಾನೆಲ್, ಒಂದೇ ಸ್ಟ್ರಿಂಗ್, ಅಂದರೆ ಒಂದರ ಹಿಂದೆ ಒಂದು ಸರಪಳಿ ಹಾಗೆ ಜೋಡಿಸಿದ್ದು. ಜಾಗ ಸಾಲದೆ ಪಾಸಿಟಿವ್ ಕಡೆಯ ಎರಡು ಮೇಲಿನ ಸಾಲಿನಲ್ಲಿ, ಉಳಿದ ನಾಲ್ಕು ಕೆಳಗೆ. ಎರಡು ಸಾಲನ್ನೂ ಸೇರಿಸಲು ನಡುವೆ ನಾನೇ ಮಾಡಿದ ಒಂದು ಜಂಪರ್ ಕೇಬಲ್. ಈ ಜಂಪರ್ ನೆನಪಿರಲಿ.

ರೋಗ ಹೀಗೆ: ಬೆಳಿಗ್ಗೆ ಬಿಸಿಲು ಬಂದರೂ, ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿ ಮಾಡುವ ಇನ್ವರ್ಟರ್ ಏಳುವುದಿಲ್ಲ. ಪರದೆ ಮೇಲೆ 'ಐಸೊ ಲೋ', ಅಂದರೆ ಇನ್ಸುಲೇಶನ್ ಸಾಲದು. ಹತ್ತು ಗಂಟೆ ಹೊತ್ತಿಗೆ ಏನೂ ಆಗೇ ಇಲ್ಲ ಅನ್ನುವ ಹಾಗೆ ತಾನಾಗೇ ಶುರು. ಮಧ್ಯಾಹ್ನ ಮೀಟರ್ ಹಿಡಿದು ಹತ್ತಿದರೆ ಎಲ್ಲ ಸರಿ. ಡಾಕ್ಟರ್ ಮುಂದೆ ಕೂತ ತಕ್ಷಣ ಕೆಮ್ಮು ನಿಲ್ಲುತ್ತದಲ್ಲ, ಹಾಗೆ.

ಸಪ್ಲೈಯರ್‌ಗೆ ಫೋನ್ ಮಾಡಿದೆ. "ಸೆಟ್ಟಿಂಗ್‌ನಲ್ಲಿ ಲಿಮಿಟ್ ಕೆಳಗಿಳಿಸಿಬಿಡಿ ಸಾರ್, ಎಲ್ಲರೂ ಅದನ್ನೇ ಮಾಡೋದು" ಅಂದ. ಇನ್ವರ್ಟರ್ ಪಾಪ ದಿನಾ ಶುರುವಾಗುವ ಮುಂಚೆ ಡಿಸಿ ತಂತಿಗೂ ಭೂಮಿಗೂ ನಡುವಿನ ಇನ್ಸುಲೇಶನ್ ಅಳೆದು "ಎಲ್ಲೋ ಸೋರುತ್ತಿದೆ" ಅಂತ ಕೂಗುತ್ತಿದೆ. ಅದರ ಬಾಯಿ ಮುಚ್ಚಿಸಿ ಅನ್ನುತ್ತಾನೆ ಈ ಮಹಾನುಭಾವ!

ಒಂದು ಕಡೆ ಮಾತ್ರ ಸೋರಿದರೆ ಸುಮ್ನೆ ಇರುತ್ತದೆ, ಮೇಲಕ್ಕೆ ಏನೂ ಕಾಣುವುದಿಲ್ಲ. ಇನ್ನೊಂದು ಕಡೆಯೂ ಸೋರಿದ ದಿನ ಕರೆಂಟ್ ರೇಲ್ ಹಿಡಿದು ಓಡುತ್ತದೆ. ಆಗ ಹತ್ತುವ ಕಿಡಿ ಸುಲಭಕ್ಕೆ ಆರುವುದಿಲ್ಲ. 50 ಹರ್ಟ್ಸ್ ಎಸಿ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತದೆ, ಕಿಡಿಗೆ ಸಾಯಲು ಅಷ್ಟು ಅವಕಾಶ. ಒಂದೇ ದಿಕ್ಕಿಗೆ ಹರಿಯುವ ಡಿಸಿಯಲ್ಲಿ ಸೊನ್ನೆಯೇ ಇಲ್ಲ. ಫ್ಯೂಸ್ ನೋಡಿಕೊಳ್ಳುತ್ತೆ ಅಂತೀರಾ? ಪ್ಯಾನೆಲ್‌ನ ಶಾರ್ಟ್ ಸರ್ಕ್ಯೂಟ್ ಕರೆಂಟ್ ಅದರ ಮಾಮೂಲಿ ಕರೆಂಟ್‌ಗಿಂತ ಚೂರೇ ಚೂರು ಜಾಸ್ತಿ. ಒಂಟಿ ಸ್ಟ್ರಿಂಗ್‌ನಲ್ಲಿ ಫ್ಯೂಸ್‌ಗೆ ಗೊತ್ತೇ ಆಗುವುದಿಲ್ಲ.

ಮೊದಲ ಅನುಮಾನ ಮೇಲಿಂದ ಕೆಳಗೆ ಬರುವ ಉದ್ದ ಕೇಬಲ್ ಮೇಲೆ. ಎಳೆಯುವಾಗ ಪೈಪ್ ಬೆಂಡ್‌ನಲ್ಲಿ ಉಜ್ಜಿತ್ತು. ಎರಡೂ ತುದಿ ಬಿಚ್ಚಿ, ಇನ್ಸುಲೇಶನ್ ಅಳೆಯುವ 1000 ವೋಲ್ಟ್ ಮೆಗ್ಗರ್ ಹಾಕಿದೆ. ಮುಳ್ಳು ಕೊನೆಗೆ ಹೋಗಿ ಅಂಟಿಕೊಂಡಿತು. ಕೇಬಲ್ ನಿರಪರಾಧಿ. ಎರಡು ದಿನ ದಂಡ.

ಆಮೇಲೆ ಬುದ್ಧಿ ಬಂತು. ಇಬ್ಬನಿ ಆರಿದ ಮೇಲೆ ಹುಡುಕಿ ಏನು ಪ್ರಯೋಜನ? ಬೆಳಿಗ್ಗೆ ಏಳೂವರೆಗೆ, ಗಾಜಿನ ಮೇಲೆ ಇನ್ನೂ ಹನಿ ಇರುವಾಗಲೇ ಕೂತೆ. ಐಸೊಲೇಟರ್ (ಪ್ಯಾನೆಲ್ ಕಡೆಯ ಸಂಪರ್ಕ ಕಡಿಯುವ ಸ್ವಿಚ್) ಆಫ್, ಪಾಸಿಟಿವ್ ನೆಗೆಟಿವ್ ಎರಡೂ ಇನ್ವರ್ಟರ್‌ನಿಂದ ಬೇರೆ. ಕೈಗವಸು, ಕ್ಯಾಟ್ 3 ಸುರಕ್ಷತಾ ದರ್ಜೆಯ ಮೀಟರ್. ಐಸೊಲೇಟರ್ ಆಫ್ ಆದರೂ ಪ್ಯಾನೆಲ್ ಆಫ್ ಆಗುವುದಿಲ್ಲ ಅನ್ನುವುದನ್ನು ನನಗೆ ನಾನೇ ಜೋರಾಗಿ ಹೇಳಿಕೊಂಡೆ.

ಪಾಸಿಟಿವ್‌ಗೂ ನೆಗೆಟಿವ್‌ಗೂ 216 ವೋಲ್ಟ್. ಅಂದರೆ ಪ್ಯಾನೆಲ್‌ಗೆ 36. ಪಾಸಿಟಿವ್‌ನಿಂದ ಅರ್ಥ್‌ಗೆ 71. ನೆಗೆಟಿವ್‌ನಿಂದ ಅರ್ಥ್‌ಗೆ 143. ಸೋರಿಕೆ ಇಲ್ಲದ ಸ್ಟ್ರಿಂಗ್ ಆಗಿದ್ದರೆ ಈ ಎರಡೂ ರೀಡಿಂಗ್ ನಿಧಾನಕ್ಕೆ ಸೊನ್ನೆ ಕಡೆ ಜಾರಬೇಕಿತ್ತು. ಇಲ್ಲಿ ಗಟ್ಟಿಯಾಗಿ ನಿಂತವು, ಕೂಡಿದರೆ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜೇ ಬಂತು. 71 ಅಂದರೆ ಸುಮಾರು ಎರಡು ಪ್ಯಾನೆಲ್. ಪಾಸಿಟಿವ್ ಕಡೆಯಿಂದ ಎಣಿಸಿದರೆ ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ. ಜಂಪರ್!

ಮಧ್ಯಾಹ್ನ ಒಣ ಬಿಸಿಲಲ್ಲಿ, ಐಸೊಲೇಟರ್ ಆಫ್ ಮಾಡಿ, ದೂರದಿಂದ ಆ ಜಾಯಿಂಟ್ ಮೇಲೆ ಸ್ಪ್ರೇ ಬಾಟಲಿಯಿಂದ ನೀರು ಹೊಡೆದು ಇಳಿದು ಬಂದೆ. ಮತ್ತೆ ಆನ್ ಮಾಡಿದರೆ 'ಐಸೊ ಲೋ'. ಇಷ್ಟು ಖುಷಿಯಿಂದ ಯಾರೂ ಎರರ್ ಮೆಸೇಜ್ ಓದಿರಲಿಕ್ಕಿಲ್ಲ.

ಕತ್ತಲಾದ ಮೇಲೆ ಬಿಚ್ಚಿದೆ. ಪ್ಯಾನೆಲ್ ಕೇಬಲ್ ಜೋಡಿಸುವ ಎಂಸಿ4 ಕನೆಕ್ಟರ್ ಬಾಯಿ ತೆರೆದಾಗ ಒಂದು ಹನಿ ನೀರು ಅಂಗೈ ಮೇಲೆ ಬಿತ್ತು. ಒಳಗಿನ ಪಿನ್ ಸುತ್ತ ಹಸಿರು ಕಿಲುಬು. ಹಿಂದಿನ ನಟ್ ತಿರುಗಿಸಿದರೆ ಬರೀ ಬೆರಳಲ್ಲೇ ಬಂತು. ಅವತ್ತು ಸ್ಪ್ಯಾನರ್ ಕೆಳಗೆ ಮರೆತು, "ಕೈಯಲ್ಲೇ ಸಾಕು" ಅಂದುಕೊಂಡಿದ್ದೆ. ಅಷ್ಟೇ ಅಲ್ಲ, ನನ್ನ ಕೇಬಲ್ ತೆಳ್ಳಗಿತ್ತು. ರಬ್ಬರ್ ಸೀಲ್ ಅದನ್ನು ಹಿಡಿದೇ ಇರಲಿಲ್ಲ. ಜಾಯಿಂಟ್ ರೇಲ್‌ನ ತೋಡಿನಲ್ಲಿ ಮಲಗಿತ್ತು, ಇಬ್ಬನಿ ಇಳಿದು ನಿಲ್ಲುವುದೂ ಅಲ್ಲೇ.

ಈಗ ಬೈಗುಳದ ಸರದಿ. ಪ್ಯಾನೆಲ್‌ನ ಕನೆಕ್ಟರ್ ಒಂದು ಕಂಪನಿಯದು, ನಾನು ತಂದದ್ದು ಇನ್ನೊಂದರದು. ಪ್ಯಾಕೆಟ್ ಮೇಲೆ 'ಕಂಪ್ಯಾಟಿಬಲ್' ಅಂತ ದಪ್ಪಕ್ಷರ. ಕ್ಲಿಕ್ ಅಂತ ಕೂತುಕೊಳ್ಳುತ್ತದೆ, ನಿಜ. ಕ್ಲಿಕ್ ಅಂದದ್ದೆಲ್ಲ ಜೋಡಿ ಅಲ್ಲ. ಪಿನ್ ಅಳತೆ ಕೂದಲೆಳೆ ವ್ಯತ್ಯಾಸ ಇದ್ದರೂ ಜಾಯಿಂಟ್ ಬಿಸಿಯಾಗುತ್ತದೆ, ನೀರು ಕುಡಿಯುತ್ತದೆ. ಸಪ್ಲೈಯರ್‌ನನ್ನು ಕೇಳಿದರೆ "ಮಾಡಿದ್ದು ಒಂದೇ ಫ್ಯಾಕ್ಟರಿ ಸಾರ್" ಅಂದ. ಎಲ್ಲ ಕನೆಕ್ಟರ್‌ಗಳೂ ಆ ಒಂದೇ ಫ್ಯಾಕ್ಟರಿಯಿಂದ ಬರುತ್ತವಂತೆ. ಎಂಥಾ ಫ್ಯಾಕ್ಟರಿಯೋ!

ಅಂದ ಹಾಗೆ ಇದೇ ಇನ್ವರ್ಟರ್‌ಗೆ ಅಂತ ಮಾಡುತ್ತಿರುವ ಬ್ಯಾಟರಿ ಬಾಕ್ಸ್ ಅರ್ಧ ಆಗಿದೆ. 16 ಲಿಥಿಯಂ ಐರನ್ ಫಾಸ್ಫೇಟ್ ಸೆಲ್, 51.2 ವೋಲ್ಟ್. ಪ್ಯಾನೆಲ್ ಶಾರ್ಟ್ ಆದರೆ ಕರೆಂಟ್ ಹೆಚ್ಚೇನೂ ಏರುವುದಿಲ್ಲ ಅಂತ ಆಗಲೇ ಹೇಳಿದೆ. ಇದು ಅದರ ತದ್ವಿರುದ್ಧ, ಸಾವಿರಾರು ಆಂಪಿಯರ್ ಕಕ್ಕುತ್ತದೆ. ಅದಕ್ಕೇ ಪಾಸಿಟಿವ್ ಟರ್ಮಿನಲ್ ಪಕ್ಕದಲ್ಲೇ, ಅಷ್ಟು ಕರೆಂಟನ್ನೂ ಕಡಿಯಬಲ್ಲ ಕ್ಲಾಸ್ ಟಿ ಫ್ಯೂಸ್. ಇನ್ವರ್ಟರ್ ಕೆಪಾಸಿಟರ್ ತುಂಬುವಾಗ ಹಾರುವ ಆ ದೊಡ್ಡ ಕಿಡಿ ತಪ್ಪಿಸಲು ರೆಸಿಸ್ಟರ್ ಮೂಲಕ ಅದನ್ನು ಮೊದಲೇ ನಿಧಾನಕ್ಕೆ ತುಂಬಿಸುವ ಪ್ರೀಚಾರ್ಜ್ ಬಟನ್ ಇಡಬೇಕು ಅಂತಿದ್ದೇನೆ. ಅದರ ಕಥೆ ಮುಂದಿನ ಸಲ, ಹುಬ್ಬು ಉಳಿದಿದ್ದರೆ.

ಜಂಪರ್ ಹೊಸದು ಮಾಡಿದೆ. ಪ್ಯಾನೆಲ್‌ನಲ್ಲಿರುವ ಕಂಪನಿಯದೇ ಕನೆಕ್ಟರ್, ಸೀಲ್‌ಗೆ ಹೊಂದುವ ದಪ್ಪದ ಕೇಬಲ್, ತಂತಿಗೆ ಪಿನ್ ಒತ್ತಿ ಕೂರಿಸಲು ಸರಿಯಾದ ಡೈ (ಅಚ್ಚು) ಇರುವ ಕ್ರಿಂಪಿಂಗ್ ಟೂಲ್. ಕಟಿಂಗ್ ಪ್ಲೇಯರ್‌ನಲ್ಲಿ ಒತ್ತುವ ಚಾಳಿಗೆ ವಿದಾಯ. ನಟ್‌ಗೆ ಈ ಸಲ ಸ್ಪ್ಯಾನರ್. ಜಾಯಿಂಟನ್ನು ಸ್ಟೀಲ್ ಕ್ಲಿಪ್‌ನಲ್ಲಿ ಮೇಲಕ್ಕೆ ಎತ್ತಿ ಕಟ್ಟಿ, ಕೇಬಲ್ ಸ್ವಲ್ಪ ಜೋತುಬೀಳುವ ಹಾಗೆ ಬಿಟ್ಟೆ, ನೀರು ಅಲ್ಲೇ ತೊಟ್ಟಿಕ್ಕಲಿ ಅಂತ.

ಇವತ್ತು ಬೆಳಿಗ್ಗೆ ಗಾಜಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಇಬ್ಬನಿ. 7 ಗಂಟೆ 10 ನಿಮಿಷಕ್ಕೆ ರಿಲೇ ಟಕ್ ಅಂತು. ಹಸಿರು ದೀಪ.

ಅದೇ ಪ್ಯಾಕೆಟ್‌ನ ಇನ್ನೆರಡು ಕನೆಕ್ಟರ್ ಸ್ಟ್ರಿಂಗ್‌ನ ಎರಡು ತುದಿಯಲ್ಲಿ ಕೂತಿವೆ. ಶನಿವಾರ ಕತ್ತಲಾದ ಮೇಲೆ ಅವಕ್ಕೂ ಕತ್ತರಿ.