ಎಕ್ಸೋಸೋಮ್ ಮಾದರಿ: ಕೆಲಸ ಎಲ್ಲಿಗೆ ಬಂತು

ಅಳತೆ

ಜೀವಕೋಶಗಳು ಕಿರುಚೀಲಗಳನ್ನು ಹೊರಗೆ ಬಿಡುವುದನ್ನು ಶಾಲೆಯ ಮಕ್ಕಳಿಗೆ ತೋರಿಸಲು ದೊಡ್ಡ ಮಾದರಿಯೊಂದನ್ನು ಮಾಡುತ್ತಿದ್ದೇನೆ. ಒಂದು ನ್ಯಾನೋಮೀಟರಿಗೆ ಒಂದು ಮಿಲಿಮೀಟರ್ ಎಂದು ಗೊತ್ತುಮಾಡಿದೆ, ಅಂದರೆ ಹತ್ತು ಲಕ್ಷ ಪಟ್ಟು ದೊಡ್ಡದು. ಈ ಲೆಕ್ಕದಲ್ಲಿ ಎಳೆಯ ಕೆಂಪು ರಕ್ತಕಣ ಸುಮಾರು 8 ಮೀಟರ್ ಅಗಲ. ಶಾಲೆಯ ಮೈದಾನದಲ್ಲಿ ಸುಣ್ಣದ ಪುಡಿ ಹಾಕಿ ಸುತ್ತು ಎಳೆಯಬೇಕು. ಆ ಕಣ ಹೊರಗೆ ಬಿಡುವ ಕಿರುಚೀಲ, ಅಂದರೆ ಎಕ್ಸೋಸೋಮ್, 50 ನ್ಯಾನೋಮೀಟರ್ ಆಸುಪಾಸಿನದು. ಅದಕ್ಕೆ 5 ಸೆಂಟಿಮೀಟರಿನ ಥರ್ಮಕೋಲ್ ಉಂಡೆ ಸಾಕು.

ರಕ್ತಕಣವನ್ನೇ ಆರಿಸಲು ಕಾರಣವಿದೆ. ಎಳೆಯ ಕಣಕ್ಕೆ ಕಬ್ಬಿಣ ಬೇಕು, ರಕ್ತದಲ್ಲಿ ಕಬ್ಬಿಣ ಹೊತ್ತು ತರುವ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನನ್ನು ಹಿಡಿಯಲು ಮೈಮೇಲೆ ಗ್ರಾಹಕಗಳಿರುತ್ತವೆ. ಬಲಿತ ಕಣದಲ್ಲಿ ಅವು ಇರುವುದಿಲ್ಲ. ಎಲ್ಲಿ ಹೋದವು? 1983ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೋಸ್ ಜಾನ್‌ಸ್ಟನ್ ತಂಡ ಕುರಿಯ ರಕ್ತಕಣಗಳಲ್ಲಿ, ಸೇಂಟ್ ಲೂಯಿಸ್‌ನ ಹಾರ್ಡಿಂಗ್, ಹ್ಯೂಸರ್, ಸ್ಟಾಲ್ ಇಲಿಯ ರಕ್ತಕಣಗಳಲ್ಲಿ ಇದನ್ನು ಬೆನ್ನುಹತ್ತಿದರು. ಗ್ರಾಹಕಗಳು ಕಿರುಚೀಲಗಳ ಮೇಲೆ ಕೂತು ಹೊರಬಿದ್ದಿದ್ದವು.

ಬಟ್ಟೆ

ಇಡೀ ಮಾದರಿಯ ಜೀವ ಇಲ್ಲೇ ಇದೆ, ಹಾಗಾಗಿ ಹೆಚ್ಚು ಹೊತ್ತು ಇಲ್ಲೇ ಕೂತೆ. ಕೆಂಪು ಬಟ್ಟೆಗೆ ಬಿಳಿ ಅಸ್ತರು ಕೊಟ್ಟು ಹೊಲಿದೆ: ಕೆಂಪು ಜೀವಕೋಶದ ಹೊರಮೈ, ಬಿಳಿ ಒಳಮೈ. ಕೆಂಪಿನ ಕಡೆಯಿಂದ ಒತ್ತಿ ಒಂದು ಜೋಳಿಗೆ ಮಾಡಿ ಬಾಯಿ ಕಟ್ಟಿದರೆ ಕೆಂಪು ಒಳಗೆ ಸೇರುತ್ತದೆ. ಈಗ ಅದೇ ಜೋಳಿಗೆಯ ಗೋಡೆಯನ್ನು ಹೊರಗಿನಿಂದ ಬೆರಳಲ್ಲಿ ಒಳಕ್ಕೆ ದೂಡಿ, ದಾರ ಬಿಗಿದು ಚಿಕ್ಕ ಗುಳ್ಳೆ ಮಾಡಿ. ಆ ಗುಳ್ಳೆಯ ಹೊರಮೈ ಮತ್ತೆ ಕೆಂಪು! ಜೋಳಿಗೆ ಹೋಗಿ ಕೋಶಪೊರೆಗೆ ಬೆಸೆದು ಬಾಯಿ ತೆರೆದಾಗ ಗುಳ್ಳೆಗಳು, ಅಂದರೆ ಎಕ್ಸೋಸೋಮ್‌ಗಳು, ಕೆಂಪು ಮೈಯಲ್ಲೇ ಆಚೆ ಬೀಳುತ್ತವೆ. ಎರಡು ಸಲ ಮಗುಚಿದ್ದರಿಂದ ಗ್ರಾಹಕದ ತಲೆ ಹೊರಗೇ ಉಳಿಯಿತು. ಹಾರ್ಡಿಂಗ್ ತಂಡ ಟ್ರಾನ್ಸ್‌ಫೆರಿನ್‌ಗೆ ಚಿನ್ನದ ಕಣ ಅಂಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಚಿನ್ನ ಇದ್ದದ್ದು ಗುಳ್ಳೆಯ ಹೊರಮೈ ಮೇಲೆಯೇ. ನನ್ನ ಉಂಡೆಗಳಿಗೆ ಚಿನ್ನದ ಬಣ್ಣದ ಮಣಿ ಬಂದದ್ದು ಹೀಗೆ.

ಔಷಧಿಯ ಉಂಡೆ

ಮದ್ದು ಸಾಗಿಸುವ ಯೋಚನೆ ನಿಂತಿರುವುದೂ ಇದೇ ಮಗುಚುವಿಕೆಯ ಮೇಲೆ. ಹೊರಗೆ ಬೇಕಾದ ಪ್ರೋಟೀನ್ ಚಾಚಿಸಬಹುದು, ಒಳಗೆ ಸರಕು ತುಂಬಬಹುದು. 2011ರಲ್ಲಿ ಆಕ್ಸ್‌ಫರ್ಡಿನ ಮ್ಯಾಥ್ಯೂ ವುಡ್ ತಂಡ ಇಲಿಯ ಡೆಂಡ್ರಿಟಿಕ್ ಕೋಶಗಳಲ್ಲಿ (ರೋಗನಿರೋಧಕ ಕೋಶಗಳ ಒಂದು ಬಗೆ) ಎಕ್ಸೋಸೋಮ್ ಪೊರೆಯ ಮೇಲಿರುವ ಲ್ಯಾಂಪ್2ಬಿ ಪ್ರೋಟೀನಿಗೆ ರೇಬಿಸ್ ವೈರಸ್ಸಿನ ಒಂದು ತುಣುಕನ್ನು ಜೋಡಿಸಿತು. ರೇಬಿಸ್‌ಗೆ ನರಕೋಶದ ದಾರಿ ಗೊತ್ತು! ಕೋಶಗಳು ಬಿಟ್ಟ ಎಕ್ಸೋಸೋಮ್‌ಗಳಿಗೆ ವಿದ್ಯುತ್ ಮಿಡಿತ ಕೊಟ್ಟು ಎಸ್‌ಐಆರ್‌ಎನ್‌ಎ, ಅಂದರೆ ಗೊತ್ತಾದ ಒಂದು ಜೀನಿನ ಕೆಲಸ ತಡೆಯುವ ಪುಟ್ಟ ಆರ್‌ಎನ್‌ಎ ತುಣುಕು, ತುಂಬಿ, ಇಲಿಯ ರಕ್ತನಾಳಕ್ಕೆ ಚುಚ್ಚಿದರು. ಮಿದುಳಿನಲ್ಲಿ ಆಲ್‌ಝೈಮರ್‌ಗೆ ಸಂಬಂಧಿಸಿದ ಬೇಸ್1 ಕಿಣ್ವ ಸುಮಾರು ಶೇ. 60ರಷ್ಟು ಇಳಿಯಿತು. ಇಷ್ಟು ಸೊಗಸಾದ ಪ್ರಯೋಗ ನಾನು ಓದಿದ್ದು ಕಡಿಮೆ.

ಇದಕ್ಕೆ 10 ಸೆಂಟಿಮೀಟರಿನ ಉಂಡೆಯನ್ನು ಸೀಳಿ, 5 ಮಿಲಿಮೀಟರ್ ಗೋಡೆ ಬಿಟ್ಟು ಒಳಗೆ ಕೊರೆದೆ. ಪೊರೆಯ ದಪ್ಪ ಅಷ್ಟೇ. ಎಸ್‌ಐಆರ್‌ಎನ್‌ಎ 6 ಮಿಲಿಮೀಟರ್ ಉದ್ದ ಕತ್ತರಿಸಿದ ದಪ್ಪ ಶಾವಿಗೆ. ರೇಬಿಸ್ ತುಣುಕಿಗೆ ಹಸಿರು ತಲೆಯ ಗುಂಡುಪಿನ್ನು.

ಬಾಕಿ ಇರುವುದು

ಯಕೃತ್ತು. ರಕ್ತಕ್ಕೆ ಬಿಟ್ಟ ಎಕ್ಸೋಸೋಮ್‌ಗಳಲ್ಲಿ ಬಹುಪಾಲು ಯಕೃತ್ತು, ಗುಲ್ಮಗಳಲ್ಲೇ ಸಿಕ್ಕಿಕೊಳ್ಳುತ್ತವೆ. ಅದನ್ನು ತೋರಿಸದೆ ಮಿದುಳಿಗೆ ತಲುಪಿದ್ದನ್ನಷ್ಟೇ ತೋರಿಸಿದರೆ ಮಕ್ಕಳಿಗೆ ಅರ್ಧ ಸತ್ಯ ಹೇಳಿದಂತೆ. ಮುಂದಿನ ಭಾನುವಾರ ಮೈದಾನದ ಮೂಲೆಯಲ್ಲಿ ಬಲೆ ಕಟ್ಟುತ್ತೇನೆ. ಸಿಡಿ47 ಪ್ರೋಟೀನ್ ಹೊತ್ತ ಉಂಡೆಗಳನ್ನು ಮ್ಯಾಕ್ರೋಫೇಜ್‌ಗಳಂಥ ಕಬಳಿಸುವ ಕೋಶಗಳು ಅಷ್ಟಾಗಿ ಮುಟ್ಟುವುದಿಲ್ಲ. ಅವಕ್ಕೆ ನೀಲಿ ಪಿನ್ನು ತಂದಿಟ್ಟಿದ್ದೇನೆ.